ಇವತ್ತು ದೋಣಿ ಇಲ್ಲ

ಒಬ್ಬರು ಮಂಗಳೂರಿನ ಸಿಟಿ ಬಸ್ಸುಗಳಲ್ಲಿ ಆಯುಷ್ಯದ ಹೆಚ್ಚಿನ ಭಾಗ ಸ್ಟೇರಿಂಗ್ ಹಿಡಿದು ಈಗ ಮನೆಯಲ್ಲಿರುವವರು. ಇನ್ನೊಬ್ಬರು ಪ್ರೈಮರಿ ಶಾಲೆಯ ಟೀಚರ್. ನೆರೆಕರೆಯವರು. ಊರನ್ನು ಮುಳುಗಿಸಿದ 2018ರ ಮೇ 29ರ ಮಳೆಯ ಸುದ್ದಿ ಎತ್ತಿದರೆ ಇಬ್ಬರೂ ಬೇಗ ಬಿಡುವವರಲ್ಲ. ನಡುವೆ ಬಂಗುಡೆಯ ರೇಟಿನ ಬಗ್ಗೆ ನಡೆದ ಉದ್ದನೆಯ ಚರ್ಚೆಯೊಂದನ್ನು ಬಿಟ್ಟು ಉಳಿದದ್ದನ್ನು ಇಲ್ಲಿ ಕೊಟ್ಟಿದ್ದೇನೆ.

ಟೀಚರ್: ಅಣ್ಣಾ, ಅವತ್ತು ನೀವು ಬಸ್ಸು ನಿಲ್ಲಿಸಿದ್ದು ಸರಿ ಅಂತ ಈಗ ಹೇಳುವುದು ಸುಲಭ. ನಾನೇ ಅದರಲ್ಲಿ ಕೂತಿದ್ದು, ಮಗ ಆಚೆ ಸುರತ್ಕಲ್ಲಿನಲ್ಲಿ ಇದ್ದಿದ್ದರೆ ನಿಮ್ಮನ್ನು ಬೈಯದೆ ಬಿಡುತ್ತಿರಲಿಲ್ಲ.

ಡ್ರೈವರ್: ಬೈದಿದ್ದಾರೆ ಟೀಚರೇ. ತುಳುವಿನಲ್ಲಿ ಬೈದ್ರು, ಬ್ಯಾರಿಯಲ್ಲಿ ಬೈದ್ರು, ಕೊಂಕಣಿಯಲ್ಲಿ ಒಬ್ರು ಬಾಯಮ್ಮ ಬೈದ್ರು. ಊರಿನಲ್ಲಿ ಎಷ್ಟು ಭಾಷೆ ಉಂಟೋ ಅಷ್ಟೂ ಬಸ್ಸಲ್ಲಿ ಇರ್ತದಲ್ಲ. ಲೇಡಿಹಿಲ್ ದಾಟಿ ಉರ್ವಸ್ಟೋರಿಗೆ ಬರುವಾಗ ಎದುರಿನಿಂದ ಗಾಡಿಯೇ ಇಲ್ಲ. ನನಗೆ ಅದೇ ಸಾಕಾಯ್ತು. ಕೊಟ್ಟಾರ ಚೌಕಿಯಿಂದ ಮೇಲೆ ಒಂದು ರಿಕ್ಷಾ ಸಹ ಹತ್ತಿ ಬರುದಿಲ್ಲ ಅಂದ್ರೆ, ಕೆಳಗೆ ಎಂತ ಆಗಿದೆ ಅಂತ ನಾನು ಹೋಗಿ ನೋಡ್ಬೇಕಾ? ಹಿಂದಿನಿಂದ ಕಂಡಕ್ಟರ್ “ರೈಟ್ ಪೋಯಿ” ಅಂತಾನೇ ಇದ್ದ. ನಾನು ಎಂಜಿನ್ ಆಫ್ ಮಾಡಿದೆ.

ಟೀಚರ್: ಬಸ್ಸಿಗೆ ಅಷ್ಟು ಎತ್ತರದ ಚಕ್ರ ಇದೆ. ಕಾರು ಹೋಗದ ಕಡೆ ಬಸ್ಸು ಹೋಗುತ್ತದೆ ಅಂತ ಜನ ನಂಬುತ್ತಾರೆ.

ಡ್ರೈವರ್: ಬಸ್ಸು ಎತ್ತರ ಉಂಟು, ಸರಿ. ರಸ್ತೆ ಎಲ್ಲಿ ಉಂಟು ಅಂತ ಕಾಣ್ಬೇಕಲ್ಲ ಮಾರಾಯ್ರೆ! ಕೆಂಪು ನೀರು ತುಂಬಿದ್ರೆ ರಸ್ತೆ ಯಾವುದು, ಚರಂಡಿ ಯಾವುದು, ಸ್ಲ್ಯಾಬ್ ತೆಗೆದಿಟ್ಟ ಗುಂಡಿ ಯಾವುದು ಅಂತ ಗೊತ್ತಾಗುದಿಲ್ಲ. ನಿಂತ ನೀರಾದ್ರೆ ಫಸ್ಟ್ ಗೇರಲ್ಲಿ ಕಾಲು ತೆಗೆಯದೆ ಹೋಗಬಹುದು, ನಡುವೆ ಎಂಜಿನ್ ಬಂದ್ ಬಿದ್ರೆ ಸೈಲೆನ್ಸರಿಗೆ ನೀರು, ಮತ್ತೆ ಸ್ಟಾರ್ಟ್ ಆಗುದಿಲ್ಲ. ಹರಿಯುವ ನೀರಿನ ಲೆಕ್ಕವೇ ಬೇರೆ. ಒಂದಡಿ ನೀರು ಎಳೆದ್ರೆ ಸಣ್ಣ ಕಾರು ನಿಮ್ಮ ಮಾತು ಕೇಳುದಿಲ್ಲ. ಎರಡಡಿ ಆದ್ರೆ ದೊಡ್ಡ ಗಾಡಿಯನ್ನೂ ತಳ್ತದೆ. ಇನ್ನೊಂದು ಉಂಟು, ಅದನ್ನು ಯಾರೂ ಹೇಳುದಿಲ್ಲ. ಬಸ್ಸು ನೀರಲ್ಲಿ ಹೋದ್ರೆ ತೆರೆ ಏಳ್ತದೆ. ಆ ತೆರೆ ಹೋಗಿ ಬಡಿಯುದು ಎರಡು ಬದಿಯ ಮನೆಗೆ, ಅಂಗಡಿಗೆ. ಅವರು ಹೊಸ್ತಿಲಿಗೆ ಗೋಣಿಚೀಲ ಕಟ್ಟಿ ಕೂತಿರ್ತಾರೆ, ನಾನು ಸ್ಟೈಲಲ್ಲಿ ಬಸ್ಸು ಬಿಟ್ಕೊಂಡು ಹೋಗುದು! ಅದು ನ್ಯಾಯ ಅಲ್ಲ.

ಟೀಚರ್: ಕೊನೆಗೆ ಬಸ್ಸಿನಲ್ಲಿದ್ದವರು ಎಂತ ಮಾಡಿದರು?

ಡ್ರೈವರ್: ಅರ್ಧ ಜನ ಇಳಿದು ನಡ್ದೇ ಹೋದ್ರು. ಕೆಲವರು ಗುಡ್ಡದ ಮೇಲಿನ ದಾರಿ ಹಿಡಿದು, ದೇರೆಬೈಲು, ಕೊಂಚಾಡಿ, ಕಾವೂರು ಅಂತ ಸುತ್ತಿ ಹೋದ್ರು. ಸುತ್ತು ಜಾಸ್ತಿ, ಆದ್ರೆ ಕಾಲಿಗೆ ನೀರು ತಾಗುದಿಲ್ಲ. ಬುದ್ಧಿ ಇದ್ದವರು ಅದನ್ನು ಮಾಡಿದ್ರು. ಉಳಿದವರು ಬಸ್ಸಲ್ಲೇ ಕೂತು ನನ್ನ ಮೇಲೆ ಕಣ್ಣು ಬಿಟ್ರು.

ಟೀಚರ್: ನಮ್ಮ ಊರಿನ ಹಣೆಬರಹವೇ ಅದು. ಗುಡ್ಡ, ತಗ್ಗು, ಮತ್ತೆ ಗುಡ್ಡ. ಒಂದು ಕಡೆ ನೇತ್ರಾವತಿ, ಒಂದು ಕಡೆ ಫಲ್ಗುಣಿ, ಎದುರಿಗೆ ಕಡಲು. ಮೇಲೆ ಬಿದ್ದ ನೀರು ತಗ್ಗಿನ ಗದ್ದೆಗಳಿಗೆ ಇಳಿದು, ಅಲ್ಲಿ ಸ್ವಲ್ಪ ಹೊತ್ತು ಕೂತು, ತೋಡು ಹಿಡಿದು ಹೊಳೆಗೆ ಹೋಗುತ್ತಿತ್ತು. ಗದ್ದೆ ಇದ್ದಲ್ಲಿ ಈಗ ಫ್ಲ್ಯಾಟುಗಳಿವೆ. ಕೊಡಿಯಾಲಬೈಲು, ಅಳಕೆ, ಜೆಪ್ಪು ಮಹಾಕಾಳಿಪಡ್ಪು, ಪಾಂಡೇಶ್ವರ, ಕೊಟ್ಟಾರ ಚೌಕಿ… ಅವತ್ತು ಮುಳುಗಿದ ಜಾಗಗಳ ಪಟ್ಟಿ ಹಿಡಿದು ಅಜ್ಜಂದಿರ ಹತ್ತಿರ ಹೋದರೆ ಯಾವುದು ಯಾರ ಗದ್ದೆ ಅಂತ ಹೇಳುತ್ತಾರೆ.

ಡ್ರೈವರ್: ಆದ್ರೆ ಎಲ್ರೂ ಹೇಳಿದ್ದು ಮೆಕುನು ಚಂಡಮಾರುತ ಬಂತು ಅಂತ. ವಾಟ್ಸಾಪ್ ತುಂಬ ಅದೇ.

ಟೀಚರ್: ಮೆಕುನು ನಮ್ಮಲ್ಲಿಗೆ ಬರಲೇ ಇಲ್ಲ. ಅದು ಮೇ 25ರ ರಾತ್ರಿಯ ಹೊತ್ತಿಗೆ ಒಮಾನಿನ ಸಲಾಲದ ಹತ್ತಿರ ದಡ ಸೇರಿ ಮುಗಿದಿತ್ತು. ನಮ್ಮದು ಕರಾವಳಿಯ ಎದುರು ಕಡಲಲ್ಲಿ ಎದ್ದಿದ್ದ ವಾಯುಭಾರ ಕುಸಿತ. ಅದರ ಜೊತೆಗೆ ಮುಂಗಾರು. ಕೇರಳಕ್ಕೆ ಮುಂಗಾರು ಬಂತು ಅಂತ ಹವಾಮಾನ ಇಲಾಖೆ ಹೇಳಿದ್ದು ಅದೇ 29ಕ್ಕೆ.

ಡ್ರೈವರ್: ಸಲಾಲದಲ್ಲಿ ನನ್ನ ಭಾವ ಇದ್ದ ಆಗ. ನಾಲ್ಕು ದಿನ ಮೊದಲು ನಾವು ಅವನಿಗೆ ಫೋನ್ ಮಾಡಿ “ಹೊರಗೆ ಹೋಗ್ಬೇಡ” ಅಂದದ್ದು. ಅವತ್ತು ಅವನು ನಮಗೆ ಫೋನ್ ಮಾಡಿ ಅದನ್ನೇ ಹೇಳಿದ!

ಟೀಚರ್: ಪಣಂಬೂರಿನಲ್ಲಿ ಒಂದು ದಿನಕ್ಕೆ 30 ಸೆಂಟಿಮೀಟರಿಗಿಂತ ಹೆಚ್ಚು ಮಳೆ ಬಿತ್ತು. ಮಕ್ಕಳಿಗೆ ಇದನ್ನು ಹೇಗೆ ಅರ್ಥ ಮಾಡಿಸುವುದು ಅಂತ ಯೋಚಿಸಿ ಸೆಂಟ್ಸ್ ಲೆಕ್ಕದಲ್ಲಿ ಹೇಳಿದೆ. ಒಂದು ಸೆಂಟ್ಸ್ ಜಾಗದ ಮೇಲೆ 30 ಸೆಂಟಿಮೀಟರ್ ಮಳೆ ಅಂದರೆ ಸುಮಾರು 12,000 ಲೀಟರ್ ನೀರು.

ಡ್ರೈವರ್: ಅಂದ್ರೆ ಒಂದು ದೊಡ್ಡ ಟ್ಯಾಂಕರ್! ಐದು ಸೆಂಟ್ಸಿನ ಮನೆಗೆ ಐದು ಟ್ಯಾಂಕರ್. ಏಪ್ರಿಲ್‌ನಲ್ಲಿ ತುಂಬೆ ಡ್ಯಾಮಿನ ನೀರು ಇಳಿದಾಗ ನಾವು ಫೋನ್ ಮಾಡಿ ಮಾಡಿ ಒಂದು ಟ್ಯಾಂಕರಿಗೆ ಕಾಯ್ತೇವೆ. ಮೇಯಲ್ಲಿ ಕೇಳದೆ ಐದು ತಂದು ಸುರಿದು ಹೋಗ್ತದೆ.

ಟೀಚರ್: ಇನ್ನೊಂದನ್ನು ಜನ ಗಮನಿಸಲಿಲ್ಲ. ಅವತ್ತು ಹುಣ್ಣಿಮೆ. ಹುಣ್ಣಿಮೆ, ಅಮಾವಾಸ್ಯೆಗೆ ಉಬ್ಬರ ಹೆಚ್ಚು. ಹೊಳೆಯ ಬಾಯಲ್ಲಿ ಕಡಲೇ ಏರಿ ನಿಂತಿದ್ದರೆ ರಾಜಕಾಲುವೆಯ ನೀರು ಹೋಗುವುದು ಎಲ್ಲಿಗೆ? ಇಳಿತ ಬರುವ ತನಕ ಅದು ಊರೊಳಗೇ ಇರಬೇಕು. ಹೂಳು, ಪ್ಲಾಸ್ಟಿಕ್ಕು, ಕಾಲುವೆಯ ಮೇಲೆ ಕಟ್ಟಿದ ಕಟ್ಟಡ ಎಲ್ಲ ಸೇರಿ ಅದನ್ನು ಇನ್ನಷ್ಟು ಹೊತ್ತು ಹಿಡಿದಿಟ್ಟವು.

ಡ್ರೈವರ್: ಅದನ್ನೆಲ್ಲ ಪೇಪರಿನವರು ಬರೀತಾರೆ, ಮುಂದಿನ ಮೇಗೆ ಪುನಃ ಬರೀತಾರೆ. ನಂಗೆ ಬೇರೆ ಒಂದು ಕೇಳ್ಬೇಕು. ನೀವು ಮಕ್ಕಳನ್ನು ಯಾಕೆ ಬಿಟ್ರಿ?

ಟೀಚರ್: ನಾವು ಬಿಡಲಿಲ್ಲ.

ಡ್ರೈವರ್: ನೀವು ಅಂದ್ರೆ ಶಾಲೆಯವರು, ಒಟ್ಟು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಕಡೆ ಮಕ್ಕಳ ಅಪ್ಪ ಅಮ್ಮ ರಸ್ತೆಯಲ್ಲಿ. ಕಾರು, ಸ್ಕೂಟರು, ರಿಕ್ಷಾ. ಹೊಳೆಯ ಹಾಗೆ ನೀರು, ಅದರ ಮೇಲೆ ಈ ಟ್ರಾಫಿಕ್ಕು. ಫೈರ್ ಸರ್ವಿಸ್‌ನವರು ಬೋಟ್ ತಂದ್ರೆ ಬೋಟ್ ಹೊತ್ತ ಗಾಡಿಗೆ ದಾರಿ ಬೇಡ್ವಾ?

ಟೀಚರ್: ರಜೆ ಮುಗಿದು ಶಾಲೆ ಆಗಷ್ಟೇ ಶುರುವಾಗಿತ್ತು. ಒಂದನೇ ಕ್ಲಾಸಿಗೆ ಹೊಸದಾಗಿ ಬಂದ ಮಕ್ಕಳ ಮುಖವೇ ನಮಗೆ ಸರಿಯಾಗಿ ಪರಿಚಯ ಇಲ್ಲ, ಕರೆದುಕೊಂಡು ಹೋಗಲು ಬಂದವರು ಯಾರು ಅಂತ ತಿಳಿಯುವುದು ಹೇಗೆ? ಬಂದವರನ್ನು ನಿಲ್ಲಿಸಿ ಕೇಳಿದೆವು, ಮಗುವನ್ನೂ ಕೇಳಿದೆವು, ಸಹಿ ಹಾಕಿಸಿಕೊಂಡೆವು. ಕೆಲವರಿಗೆ ಸಿಟ್ಟು ಬಂತು. ನಮ್ಮ ಶಾಲೆ ಗುಡ್ಡದ ಮೇಲಿದೆ, ನೀರು ಬರುವ ಜಾಗವಲ್ಲ. “ಇಲ್ಲೇ ಇರಲಿ, ಸಂಜೆ ಮಳೆ ನಿಂತ ಮೇಲೆ ಬನ್ನಿ” ಅಂತ ಹೇಳಿದರೆ ಒಬ್ಬ ತಂದೆ, “ನಿಮ್ಮ ಮಗು ಆಗಿದ್ರೆ ಹೀಗೆ ಹೇಳ್ತಿದ್ರಾ” ಅಂದರು. ಆ ಪ್ರಶ್ನೆಗೆ ಉತ್ತರ ಇಲ್ಲ ಅಣ್ಣ.

ಡ್ರೈವರ್: ಉತ್ತರ ಉಂಟು. “ಹೌದು” ಅಂತ.

ಟೀಚರ್: ನೀವು ಎಂಜಿನ್ ಆಫ್ ಮಾಡಿದವರು, ಹೇಳುತ್ತೀರಿ. ಅದೇ ದಿನ ಪಡುಬಿದ್ರಿಯಲ್ಲಿ ಶಾಲೆಯಿಂದ ಮನೆಗೆ ಹೊರಟ ಹುಡುಗಿಯೊಬ್ಬಳು ನೀರಿನ ಸೆಳೆತಕ್ಕೆ ಸಿಕ್ಕಿ ತೀರಿಕೊಂಡಳು. ನಮ್ಮ ಸ್ಟಾಫ್ ರೂಮಿನಲ್ಲಿ ಆಮೇಲೆ ತುಂಬ ದಿನ ಯಾರೂ ಆ ವಿಷಯ ಎತ್ತಲಿಲ್ಲ. ಮರುದಿನ ಜಿಲ್ಲಾಧಿಕಾರಿಗಳು ರಜೆ ಕೊಟ್ಟರು. ರಜೆ ಬೇಕಿದ್ದದ್ದು ಹಿಂದಿನ ದಿನ. ಆದರೆ ಅಷ್ಟು ಮಳೆ ಬರುತ್ತದೆ ಅಂತ ಬೆಳಿಗ್ಗೆ ಏಳು ಗಂಟೆಗೆ ಯಾರಿಗೂ ಅನಿಸಿರಲಿಲ್ಲ, ನನಗೂ ಅನಿಸಿರಲಿಲ್ಲ.

ಡ್ರೈವರ್: ಈಗ ರೆಡ್ ಅಲರ್ಟ್ ಅಂದ ಕೂಡ್ಲೆ ರಜೆ ಕೊಡ್ತಾರಲ್ಲ.

ಟೀಚರ್: ಕೊಡುತ್ತಾರೆ. ಅವರು ಕೊಡುವ ಮೊದಲೇ ಸುಳ್ಳು ಆದೇಶ ವಾಟ್ಸಾಪಿನಲ್ಲಿ ಓಡುತ್ತದೆ, ಅದು ಬೇರೆ ಕತೆ. ರಜೆ ಒಳ್ಳೆಯದೇ. ಆದರೆ ಬೆಳಿಗ್ಗೆ ಕೊಡದೆ ಮಧ್ಯಾಹ್ನ ಕೊಟ್ಟ ರಜೆಯಷ್ಟು ಅಪಾಯ ಇನ್ನೊಂದಿಲ್ಲ. ಸಾವಿರಾರು ಜನರನ್ನು ಒಂದೇ ಹೊತ್ತಿಗೆ, ಮಳೆ ಅತಿ ಜೋರಾಗಿರುವಾಗ ರಸ್ತೆಗೆ ಬಿಟ್ಟ ಹಾಗೆ.

ಡ್ರೈವರ್: ಅದೇ ನಾನು ಹೇಳುದು. ಮಳೆಗೆ ಯಾರೂ ಹೆದರುದಿಲ್ಲ, ನಮಗೆ ಮಳೆ ಹೊಸದಾ? ವರ್ಷಕ್ಕೆ ಮೂರೂವರೆ ಮೀಟರಿಗಿಂತ ಜಾಸ್ತಿ ಬೀಳುವ ಊರು ಇದು. ಜನ ಸಾಯುದು ಮನೆಗೆ ಮುಟ್ಟುವ ಆತುರದಿಂದ. ಮನೆ ಅಲ್ಲೇ ಕಾಣ್ತದೆ, ನಡುವೆ ಸ್ವಲ್ಪ ನೀರು, ಅಷ್ಟೇ ಅಂತ ಇಳೀತಾರೆ.

ಟೀಚರ್: ಮುಂಬಯಿಯಲ್ಲಿ 2005ರ ಜುಲೈ 26ಕ್ಕೆ ಅದೇ ಆದದ್ದು. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 94 ಸೆಂಟಿಮೀಟರ್, ನಮ್ಮ ಮಳೆಯ ಮೂರರಷ್ಟು. ನಮ್ಮ ಚಿಕ್ಕಪ್ಪ ಅಲ್ಲಿ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದರು. ಲೋಕಲ್ ರೈಲು ನಿಂತಿತು, ಜನ ಹಳಿ ಹಿಡಿದು ನಡೆದರು. ಕಾರಿನೊಳಗೆ ಗ್ಲಾಸು ಇಳಿಯದೆ ಸಿಕ್ಕಿಕೊಂಡು ಸತ್ತವರಿದ್ದಾರೆ. ಚಿಕ್ಕಪ್ಪ ಹೊರಗೆ ಕಾಲಿಡಲಿಲ್ಲ. ಟೇಬಲ್ಲುಗಳನ್ನು ಜೋಡಿಸಿ ಗಿರಾಕಿಗಳನ್ನೂ ಮಲಗಿಸಿ, ಇದ್ದ ಅನ್ನಕ್ಕೆ ಸಾಂಬಾರು ಹಾಕಿ ಕೊಟ್ಟರಂತೆ. ಮನೆಯಲ್ಲಿ ಚಿಕ್ಕಮ್ಮ ಎರಡು ದಿನ ಅತ್ತಿದ್ದಾರೆ, ಫೋನೂ ಇಲ್ಲ. ಚಿಕ್ಕಪ್ಪ ಮನೆಗೆ ಬಂದಾಗ ಮೊದಲು ಸಿಕ್ಕಿದ್ದು ಬೈಗುಳ.

ಡ್ರೈವರ್: ಉಳಿದುಕೊಂಡವನಿಗೆ ಎಲ್ಲ ಕಡೆ ಅದೇ ಬಹುಮಾನ. ನಮ್ಮ ಮಳೆಯ ವರ್ಷವೇ, 2018ರ ಜೂನಿನಲ್ಲಿ ಚಾರ್ಮಾಡಿ ಘಾಟಿಯಲ್ಲಿ ಆದದ್ದು ನೆನಪುಂಟಾ? ಕಾಂಕ್ರೀಟ್ ಹಾಕ್ಲಿಕ್ಕೆ ಶಿರಾಡಿ ಬಂದ್ ಮಾಡಿದ್ರು, ಬೆಂಗಳೂರಿನ ಗಾಡಿ ಎಲ್ಲ ಚಾರ್ಮಾಡಿಗೆ. ಗುಡ್ಡ ಜರಿದು ರಾತ್ರಿ ಇಡೀ ನೂರಾರು ಗಾಡಿ ಘಾಟಿಯಲ್ಲಿ. ನನ್ನ ದೋಸ್ತಿ ಒಬ್ಬ ಅದರಲ್ಲಿ ಇದ್ದ. ಹಿಂದೆ ಹೋಗ್ಲಿಕ್ಕಿಲ್ಲ, ಮುಂದೆ ಹೋಗ್ಲಿಕ್ಕಿಲ್ಲ, ಮೇಲಿನಿಂದ ಕಲ್ಲು ಬೀಳ್ತದಾ ಅಂತ ಟಾರ್ಚ್ ಹಿಡಿದು ನೋಡುದು. ಬೆಳಿಗ್ಗೆ ಊರಿನ ಜನ ನೀರು, ತಿಂಡಿ ಎಲ್ಲ ತಂದು ಕೊಟ್ರಂತೆ. ಆಗಸ್ಟಿನಲ್ಲಿ ಶಿರಾಡಿಯೂ ಹೋಯ್ತು, ಸಂಪಾಜೆಯೂ ಹೋಯ್ತು, ಸಕಲೇಶಪುರದ ರೈಲೂ ನಿಂತಿತು.

ಟೀಚರ್: ಘಾಟಿಯಲ್ಲಿ ದಾರಿಯೇ ಇಲ್ಲದ ಮೇಲೆ ನಿಂತರು. ದಾರಿ ಇದೆ ಅನಿಸುವಾಗ ನಿಲ್ಲುವುದು ಕಷ್ಟ, ನಾನು ಹೇಳುವುದು ಅದು.

ಡ್ರೈವರ್: ಅದಕ್ಕೆ ಒಬ್ಬ ಬೇಕು, “ಇವತ್ತು ಬೇಡ” ಅಂತ ಹೇಳ್ಲಿಕ್ಕೆ. ನನ್ನ ಅಪ್ಪ ಹೇಳ್ತಾ ಇದ್ರು. ಸೇತುವೆ ಇಲ್ಲದ ಕಾಲದಲ್ಲಿ ಹೊಳೆ ದಾಟ್ಲಿಕ್ಕೆ ಕಡವಿಗೆ ಬರ್ಬೇಕು. ಆಟಿ ತಿಂಗಳಿನಲ್ಲಿ ಹೊಳೆ ಕೆಂಪಾದ್ರೆ ಅಂಬಿಗ ದೋಣಿ ಮೇಲೆ ಎಳೆದು ಬೀಡಿ ಹಚ್ಚಿ ಕೂತುಬಿಡುದು. “ಇವತ್ತು ದೋಣಿ ಇಲ್ಲ.” ಆಯ್ತು, ಅಷ್ಟೇ. ಗುತ್ತಿನ ಧಣಿ ಬರ್ಲಿ, ಪಟೇಲರು ಬರ್ಲಿ, ಮೇಲೆ ಮಾತಿಲ್ಲ. ಅಲ್ಲೇ ದಡದಲ್ಲಿ ಯಾರದ್ದಾದ್ರೂ ಚಾವಡಿಯಲ್ಲಿ ಮಲಗಿ ಬೆಳಿಗ್ಗೆ ನೋಡುದು. ಅಂಬಿಗನನ್ನು ಬೈದದ್ದು ಅಪ್ಪ ಕೇಳಿಯೇ ಇರ್ಲಿಲ್ಲವಂತೆ. ಯಾಕೆ ಹೇಳಿ? ಅವನಿಗೆ ಹೊಳೆ ಗೊತ್ತುಂಟು ಅಂತ ಎಲ್ಲರಿಗೂ ಗೊತ್ತುಂಟು. ಸೇತುವೆ ಬಂತು, ಹೈವೇ ಬಂತು, ಅಂಬಿಗ ಹೋದ. ಈಗ ಬೇಡ ಅನ್ನುವವ ಯಾರು? ನಾನು ಅಂದೆ, ನನಗೆ ನಾಲ್ಕು ಭಾಷೆಯಲ್ಲಿ ಸಿಕ್ಕಿತು. ಮಾಲೀಕರೂ ಕೇಳಿದ್ರು, ಟ್ರಿಪ್ ಯಾಕೆ ಕಟ್ ಮಾಡಿದ್ದು ಅಂತ.

ಟೀಚರ್: ಕಡಲಿನವರಿಗೆ ಇನ್ನೂ ಆ ಕಟ್ಟುಪಾಡು ಉಂಟು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟು ಕಡಲಿಗೆ ಇಳಿಯುವಂತಿಲ್ಲ. ಅದು ಮೀನಿನ ಸಂತಾನಕ್ಕಾಗಿ ಮಾಡಿದ ನಿಯಮ, ಆದರೆ ಕಡಲು ಅತಿ ಒರಟಾಗಿರುವ ತಿಂಗಳುಗಳೂ ಅವೇ. ಬಾಕಿ ದಿನಗಳಲ್ಲಿ ಚಂಡಮಾರುತದ ಎಚ್ಚರಿಕೆ ಬಂದರೆ ಬಂದರಿನಲ್ಲೇ ತಡೆಯುತ್ತಾರೆ. ನೆಲದ ಮೇಲೆ ಅಂಥದ್ದು ಏನೂ ಇಲ್ಲ.

ಡ್ರೈವರ್: ಆದ್ರೂ ಸಿಕ್ಕಿಬಿದ್ದವರಿದ್ದಾರೆ. 2021ರ ತೌಕ್ತೆ ಬಂದಾಗ ಒಂದು ಟಗ್ ಬೋಟ್ ಹಗ್ಗ ಕಿತ್ತು ಹೋಗಿ ಮೂಲ್ಕಿ, ಕಾಪು ಕಡೆ ಬಂಡೆಗೆ ಸಿಕ್ಕಿಕೊಂಡಿತಲ್ಲ. ಒಂಬತ್ತು ಜನ. ದಡ ಕಾಣ್ತದೆ, ದಡದಲ್ಲಿ ಜನ ನಿಂತು ನೋಡ್ತಾ ಇದ್ದಾರೆ, ಎರಡು ರಾತ್ರಿ ಅದರಲ್ಲೇ. ಮೇ 17ಕ್ಕೆ ಕೋಸ್ಟ್ ಗಾರ್ಡ್ ಮತ್ತೆ ನೇವಿಯ ಹೆಲಿಕಾಪ್ಟರ್ ಬಂದು ಒಂಬತ್ತೂ ಜನರನ್ನು ತಂದ್ರು. ಇನ್ನೊಂದು ಟಗ್ ಮಗುಚಿ ಜೀವ ಹೋದದ್ದು ಅದೇ ಗಾಳಿಗೆ. ಕಾಣುವ ದಡಕ್ಕೆ ಹಾರದೆ ಕೂರ್ಲಿಕ್ಕೆ ಎಷ್ಟು ಗುಂಡಿಗೆ ಬೇಕು ಅಂತ ನಾನು ಆಗಾಗ ಗ್ರಹಿಸುದುಂಟು.

ಟೀಚರ್: ನೀವು ಹೇಳಿದ್ದರಲ್ಲಿ ಒಂದು ಕಡೆ ಮಾತ್ರ ನನಗೆ ಒಪ್ಪಿಗೆ ಇಲ್ಲ. ಅಂಬಿಗ ಬೇಡ ಅಂದರೆ ಸಾಲದು. ಮಲಗಲು ಆ ಚಾವಡಿ ಇತ್ತಲ್ಲ, ಅದೂ ಬೇಕು. ನಿಮ್ಮ ಬಸ್ಸಿನ ಜನರಿಗೆ ನೀವು ಬೇಡ ಅಂದಿರಿ, ಸರಿ. ಎಲ್ಲಿಗೆ ಹೋಗಬೇಕು ಅಂತ ಹೇಳಿದಿರಾ?

ಡ್ರೈವರ್: ಬಸ್ಸಲ್ಲೇ ಕೂರಿ ಅಂದೆ.

ಟೀಚರ್: ಮೂತ್ರಕ್ಕೆ? ಹೆಂಗಸರು, ಸಣ್ಣ ಮಕ್ಕಳು? ಇಡೀ ದಿನ ಒದ್ದೆ ಬಟ್ಟೆಯಲ್ಲಿ? ಅವರು ಇಳಿದು ನಡೆದದ್ದು ಬರೀ ಆತುರಕ್ಕಲ್ಲ ಅಣ್ಣ. ನಮ್ಮ ಶಾಲೆಯಲ್ಲಿ ಉಳಿದ ಮಕ್ಕಳ ಪೈಕಿ ಸ್ವಲ್ಪವೂ ಅಳದವರು ಯಾರು ಗೊತ್ತಾ? ಬೆಂಗ್ರೆಯ ಮಕ್ಕಳು. ಅವರು ದಿನಾ ಫೆರಿಯಲ್ಲಿ ಹೊಳೆ ದಾಟಿ ಬರುವವರು. ಗಾಳಿ ಎದ್ದರೆ ಫೆರಿ ನಿಲ್ಲುತ್ತದೆ, ಅದು ಅವರಿಗೆ ಸಣ್ಣದರಿಂದ ಗೊತ್ತು. ಸಂಜೆ ಆಗುತ್ತಿದ್ದ ಹಾಗೆ ಒಬ್ಬ ಹುಡುಗ ಬಂದು, “ಟೀಚರ್, ಫೆರಿ ಇಲ್ಲದಿದ್ರೆ ನಾನು ಬಂದರಿನಲ್ಲಿ ಮಾಮಿಯ ಮನೆಗೆ ಹೋಗುದು, ನಂಬರ್ ಕೊಡ್ತೇನೆ” ಅಂದ. ಮನೆಯವರು ಮೊದಲೇ ಹೇಳಿಕೊಟ್ಟಿದ್ದರು. ಫ್ಲ್ಯಾಟಿನ ಮಕ್ಕಳಿಗೆ ಅದು ಗೊತ್ತಿಲ್ಲ. ಮನೆ ಅಂದರೆ ಒಂದೇ ಮನೆ, ಅಲ್ಲಿಗೆ ಹೋಗದಿದ್ದರೆ ಲೋಕ ಮುಗಿಯಿತು.

ಡ್ರೈವರ್: ಅದು ಸತ್ಯ. ಮತ್ತೆ ಈಗ ಮನೆಯೂ ಗ್ಯಾರಂಟಿ ಇಲ್ಲ ಅಲ್ವಾ. 2024ರಲ್ಲಿ ಕುತ್ತಾರಿನಲ್ಲಿ ಪಕ್ಕದ ಕಾಂಪೌಂಡ್ ಗೋಡೆ ಮನೆಯ ಮೇಲೆ ಬಿದ್ದು ಗಂಡ, ಹೆಂಡತಿ, ಇಬ್ಬರು ಮಕ್ಕಳು ಹೋದ್ರು.

ಟೀಚರ್: 2025ರ ಮೇ 30ಕ್ಕೆ ಮಂಜನಾಡಿಯ ಮೊಂಟೆಪದವಿನಲ್ಲಿ ಗುಡ್ಡ ಜರಿದು ಅಜ್ಜಿ, ಇಬ್ಬರು ಪುಟ್ಟ ಮಕ್ಕಳು. ಅವರೆಲ್ಲ ಮನೆಯೊಳಗೇ ಇದ್ದವರು, ಹೊರಗೆ ಹೊರಟವರಲ್ಲ. ಹಾಗಾಗಿ ನಿಂತಲ್ಲಿ ನಿಲ್ಲಿ, ಮನೆಯೊಳಗೆ ಇರಿ ಅಂತ ಎಲ್ಲರಿಗೂ ಒಂದೇ ಮಾತು ಹೇಳುವ ಧೈರ್ಯ ನನಗಿಲ್ಲ. ತಗ್ಗಿನಲ್ಲಿದ್ದವರಿಗೆ ನೀರು, ಗುಡ್ಡ ಕಡಿದು ಮನೆ ಕಟ್ಟಿದವರಿಗೆ ಮಣ್ಣು. ಯಾವ ಮನೆ ಎಲ್ಲಿ ಕೂತಿದೆ ಅಂತ ನೋಡಿಯೇ ಹೇಳಬೇಕು.

ಡ್ರೈವರ್: ಬಸ್ಸಿನವನಿಗೆ ಇದು ಸುಲಭ. ಯಾವ ಸ್ಟಾಪಿನಲ್ಲಿ ಬ್ರೇಕ್ ಹಿಡಿಬೇಕು, ಎಲ್ಲಿ ಗೇರ್ ಇಳಿಸ್ಬೇಕು ಅಂತ ಕಾಲಿಗೆ ಗೊತ್ತುಂಟಲ್ಲ. ಗೇರ್ ಇಳಿಸಿ ಹತ್ತುವ ಸ್ಟಾಪಿಗೆ ನೀರು ಬರುದಿಲ್ಲ. ಪಡೀಲಿನ ರೈಲ್ವೆ ಬ್ರಿಜ್ಜಿನ ಅಡಿ, ಪಂಪ್‌ವೆಲ್, ಇವಕ್ಕೆಲ್ಲ ಮ್ಯಾಪ್ ಬೇಕಾ? ಪಂಪ್‌ವೆಲ್‌ನಲ್ಲಿ ಫ್ಲೈಓವರ್ ಆದ್ರೆ ಸರಿಯಾಗ್ತದೆ ಅಂತ ಹತ್ತು ವರ್ಷ ಕಾದೆವು, 2020ರಲ್ಲಿ ಆಯ್ತು. ಈಗ ಮೇಲೆ ಗಾಡಿ, ಕೆಳಗೆ ನೀರು. ಇಬ್ಬರಿಗೂ ಜಾಗ ಆಯ್ತು!

ಟೀಚರ್: ನಗಬೇಡಿ. ಈ ವರ್ಷ ಅಡ್ಮಿಷನ್ ಫಾರ್ಮಿನ ಜೊತೆ ನಾನು ಒಂದು ಹಾಳೆ ಕೊಡುತ್ತಿದ್ದೇನೆ. ಮಗುವಿನ ಮನೆ ತಗ್ಗಿನಲ್ಲಿದೆಯೋ, ಗುಡ್ಡದ ಬುಡದಲ್ಲಿದೆಯೋ. ದಾರಿಯಲ್ಲಿ ತೋಡು ಉಂಟೋ. ಮನೆಗೆ ಹೋಗಲಾಗದಿದ್ದರೆ ರಾತ್ರಿ ಉಳಿಯುವ ಮನೆ ಯಾವುದು, ಅದು ಶಾಲೆಯಿಂದ ನೀರು ದಾಟದೆ ನಡೆದು ಹೋಗುವ ಜಾಗದಲ್ಲಿ ಇರಬೇಕು. ಕರೆದುಕೊಂಡು ಹೋಗುವವರ ಹೆಸರು, ಅವರ ಸಹಿ. ಅಷ್ಟೇ.

ಡ್ರೈವರ್: ತುಂಬಿಸಿ ಕೊಟ್ರಾ ಜನ?

ಟೀಚರ್: ಊರಿನವರು ಕೊಟ್ಟರು. ಇಲ್ಲಿ ಅತ್ತೆ, ಅಲ್ಲಿ ದೊಡ್ಡಮ್ಮ, ಯಾರಾದರೂ ಇರುತ್ತಾರೆ. ಆದರೆ ಬಾಗಲಕೋಟೆ, ಗದಗದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು ನಮ್ಮಲ್ಲಿ ಬಹಳ ಇದ್ದಾರೆ. ಅವರ ಹಾಳೆಯಲ್ಲಿ ಆ ಜಾಗ ಖಾಲಿ. ಅವರಿಗೆ ಈ ಊರಿನಲ್ಲಿ ಎರಡನೇ ಮನೆ ಎಲ್ಲಿಂದ ಬರಬೇಕು? ಮೊದಲನೆಯದೇ ಶೀಟಿನ ಶೆಡ್ಡು.

ಡ್ರೈವರ್: ನನ್ನ ಹೆಸರು ಬರೀರಿ.

ಟೀಚರ್: ನಿಮ್ಮ ಮನೆ ನಮ್ಮ ಮನೆಯ ಪಕ್ಕದಲ್ಲೇ ಅಣ್ಣ. ಅಂಗಳಕ್ಕೆ ನೀರು ನಿಮಗೂ ಬಂದಿತ್ತು, ನಮಗೂ ಬಂದಿತ್ತು.

ಡ್ರೈವರ್: ಹೌದಲ್ಲ. ಹಾಗಾದ್ರೆ ತಂಗಿಯ ಮನೆ ಬರೀರಿ, ದೇರೆಬೈಲಿನಲ್ಲಿ, ಗುಡ್ಡದ ನೆತ್ತಿಯಲ್ಲಿ ಉಂಟು. ಹಳೆಯ ಹಂಚಿನ ಮನೆ, ಎದುರು ಉದ್ದಕ್ಕೆ ಚಾವಡಿ.

ಟೀಚರ್: ಅವರನ್ನು ಕೇಳದೆ ಬರೆಯಲಿಕ್ಕೆ ಆಗುತ್ತದಾ?

ಡ್ರೈವರ್: ಕೇಳುವ. ಈಗಲೇ ಫೋನ್ ಮಾಡ್ತೇನೆ. ಎಷ್ಟು ಮಕ್ಕಳು ಅಂತ ಹೇಳ್ಲಿ? ಅವಳು ಮೊದಲು ಕೇಳುದು ಚಾಪೆ ಎಷ್ಟು ಬೇಕು ಅಂತ.